ಹಾಡು ಬಂದರೆ ಓದು ಬಂದಂತೆಯೇ?

ಆಟಿಸಂ ಎಂಬ ಮಾತು ಈಗ ನಮ್ಮ ಊರುಗಳಲ್ಲಿಯೂ ಕೇಳಿಬರುತ್ತಿದೆ. ಕನ್ನಡದಲ್ಲಿ ಅದನ್ನು ಸ್ವಲೀನತೆ ಎಂದು ಕರೆದಿದ್ದಾರೆ. ಇಂಥ ಮಕ್ಕಳು ಉಳಿದವರ ಜೊತೆಗೆ ಒಂದೇ ಬೆಂಚಿನ ಮೇಲೆ ಕುಳಿತು ಕಲಿಯಬೇಕೆಂಬುದು 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯ ಆಶಯ. ನಮ್ಮ ಕಾಲೇಜಿನಿಂದ ಹೊರಬೀಳುವ ಅನೇಕರು ನಾಳೆ ಉಪಾಧ್ಯಾಯರಾಗತಕ್ಕವರು. ಆದಕಾರಣ, ಈ ಮಕ್ಕಳಿಗೆ ಅಕ್ಷರ ಕಲಿಸುವುದರಲ್ಲಿ ಸಂಗೀತದಿಂದ ಎಷ್ಟು ಸಹಾಯವಾದೀತು ಎಂಬುದು ವೈದ್ಯರ ಪ್ರಶ್ನೆಯೆಂದು ನಾವು ಕೈಕಟ್ಟಿ ಕುಳಿತಿರಲಾಗದು. ಸಹಾಯ ಖಂಡಿತ ಉಂಟು. ಆದರೆ ಹಾಡು ಬಂದ ಮಾತ್ರಕ್ಕೆ ಓದು ಬಂದಿತೆಂದು ತಿಳಿಯುವುದು ತಪ್ಪು ಎಂದು ನನ್ನ ಅಭಿಪ್ರಾಯ.

1943ರಲ್ಲಿ ಅಮೆರಿಕದ ಬಾಲ್ಟಿಮೋರಿನ ವೈದ್ಯ ಲಿಯೋ ಕ್ಯಾನರ್ 11 ಮಕ್ಕಳ ವೃತ್ತಾಂತವನ್ನು ಪ್ರಕಟಿಸಿದರು. ಅವರಲ್ಲಿ ಮೊದಲನೆಯವನು ಡೊನಾಲ್ಡ್. ಒಂದು ವರ್ಷದ ಕೂಸಾಗಿದ್ದಾಗಲೇ ಅನೇಕ ಧಾಟಿಗಳನ್ನು ತಪ್ಪಿಲ್ಲದೆ ಹಾಡುತ್ತಿದ್ದನಂತೆ. ಇಂಗ್ಲಿಷ್ ವರ್ಣಮಾಲೆಯನ್ನು ಮೊದಲಿನಿಂದ ಕಡೆಗೂ ಕಡೆಯಿಂದ ಮೊದಲಿಗೂ ಬೇಗನೆ ಕಲಿತನಂತೆ. ಪ್ರಶ್ನೆ ಕೇಳಿದರೆ ಮಾತ್ರ, ಅದು ಶಿಶುಗೀತೆ, ಪ್ರಾಸಗಳಂಥವಕ್ಕೆ ಸಂಬಂಧಿಸಿದ್ದಾಗದ ಹೊರತು ಉತ್ತರವಿಲ್ಲ! ಪ್ರಾಸವೆಂಬ ಕಿಂಡಿಯೊಂದು ಆ ಮಗುವಿನಲ್ಲಿ ತೆರೆದೇ ಇತ್ತು. ವರ್ಣಮಾಲೆ ಬಾಯಿಗೆ ಬಂದಿದ್ದರೂ ಸಂಭಾಷಣೆ ಬಂದಿರಲಿಲ್ಲ. ಕಂಡದ್ದನ್ನೆಲ್ಲ ಸರಾಗವಾಗಿ ಓದಿ, ಓದಿದ್ದರ ಅರ್ಥವನ್ನು ಹೇಳಲಾರದ ಮಕ್ಕಳೂ ಇದ್ದಾರೆ. ಅವರಿಗೆ ಅಕ್ಷರದ ಹಾಡನ್ನು ಮತ್ತೆ ಹಾಡಿಸಿ ಫಲವೇನು?

ಇನ್ನು ಕನ್ನಡದ ವಿಷಯ. ನಮ್ಮ ಲಿಪಿ ಹಾಡಿಗೆ ಬಹಳ ಹತ್ತಿರದ್ದು. 'ಕ' ಎಂದರೆ ಒಂದು ಮಾತ್ರೆ, 'ಕಾ' ಎಂದರೆ ಎರಡು. ಮಾತಿನ ಓಟದಲ್ಲಿ ಮಾಯವಾಗುವ ಈ ಭೇದವನ್ನು ಹಾಡು ಹಿಡಿದು ನಿಲ್ಲಿಸಿ ಕಿವಿಗೆ ಕೇಳಿಸುತ್ತದೆ. ಅದೇ ಹೊತ್ತಿಗೆ ಬೆರಳು ದೀರ್ಘದ ಗುರುತನ್ನು ಮುಟ್ಟಿದರೆ ಕಣ್ಣಿಗೂ ಕಂಡಿತು. 'ಕಮಲ' ಎಂದು ಮೂರು ಸಲ ಕೈ ತಟ್ಟಿದರೆ ಹಲಗೆಯ ಮೇಲೆಯೂ ಮೂರು ಅಕ್ಷರ. ಹೀಗೆ ನಾದಕ್ಕೂ ಬರೆಹಕ್ಕೂ ಗಂಟು ಬೀಳುವುದೇ ಓದಿನ ಆರಂಭ. ಆದರೆ 'ಅಮ್ಮ' ಎನ್ನಿ. ಬಾಯಿ ಅದನ್ನು 'ಅಮ್-ಮ' ಎಂದು ಒಡೆಯುತ್ತದೆ, ಬರೆಹ 'ಅ-ಮ್ಮ' ಎನ್ನುತ್ತದೆ. ಒತ್ತಕ್ಷರ ಬಂದ ಕಡೆ ತಾಳ ದಾರಿ ತಪ್ಪಿಸುವುದೂ ಉಂಟು. ನಿಯಮವೊಂದನ್ನು ಬಿಗಿಯಾಗಿ ಹಿಡಿದುಕೊಳ್ಳುವ ಮಗುವಿಗೆ ಇದು ಸಣ್ಣ ತೊಡಕಲ್ಲ. ಅಲ್ಲಿ ತಾಳವನ್ನು ಬಿಟ್ಟು ಬೆರಳನ್ನೇ ನಂಬಬೇಕು.

ಹಳೆಯ ಕೂಲಿಮಠಗಳಲ್ಲಿ ಕಾಗುಣಿತವನ್ನು ರಾಗವಾಗಿಯೇ ಒಪ್ಪಿಸುತ್ತಿದ್ದರು. ನಡುವೆ ಬೆರಳಿಟ್ಟು 'ಇದೇನು?' ಎಂದರೆ, ಹುಡುಗ ಮತ್ತೆ ಮೊದಲಿನಿಂದ ಹಾಡುತ್ತಾ ಅಲ್ಲಿಗೆ ಬರಬೇಕು! ರಾಗ ಅವನನ್ನು ಹೊತ್ತು ನಡೆಯುತ್ತಿತ್ತು, ಅವನು ನಡೆಯುತ್ತಿರಲಿಲ್ಲ. ಆದ್ದರಿಂದ ಕಲಿತ ಅಕ್ಷರವನ್ನು ಕ್ರಮ ತಪ್ಪಿಸಿ ಕೇಳಬೇಕು, ದಿನಕ್ಕಿಷ್ಟು ರಾಗವನ್ನು ಇಳಿಸುತ್ತಾ ಬರಬೇಕು, ಪದದ ಪಕ್ಕದಲ್ಲಿ ವಸ್ತುವನ್ನೋ ಚಿತ್ರವನ್ನೋ ಇಡಬೇಕು.

ಸಂಗೀತದಿಂದ ಆಟಿಸಂ ವಾಸಿಯಾಗುತ್ತದೆಂದು ಹೇಳಿ ತಂದೆತಾಯಿಗಳಿಂದ ಹಣ ಕೀಳುವವರನ್ನು ಕುರಿತು ನನಗೆ ಸ್ವಲ್ಪವೂ ಸಹನೆಯಿಲ್ಲ. 2017ರಲ್ಲಿ ಪ್ರಕಟವಾದ, 9 ದೇಶಗಳ 364 ಮಕ್ಕಳ ಮೇಲೆ ನಡೆದ ಪರೀಕ್ಷೆಯಲ್ಲಿ, 5 ತಿಂಗಳ ಸಂಗೀತ ಚಿಕಿತ್ಸೆಯಿಂದ ಲಕ್ಷಣಗಳ ತೀವ್ರತೆಯಲ್ಲಿ ಗಣನೀಯವಾದ ವ್ಯತ್ಯಾಸ ಕಾಣಲಿಲ್ಲ. 2022ರಲ್ಲಿ 26 ಅಧ್ಯಯನಗಳನ್ನು ಒಟ್ಟಿಗೆ ತೂಗಿದವರು ಒಟ್ಟಾರೆ ಸುಧಾರಣೆಯ ಸಂಭವ ಹೆಚ್ಚೆಂದು ಹೇಳಿದ್ದಾರೆ. ವಾಸಿಯ ಮಾತು ಎಲ್ಲಿಯೂ ಇಲ್ಲ.

ಕಡೆಯದಾಗಿ ಒಂದು ಮಾತು. ನಲವತ್ತು ಮಕ್ಕಳು ಒಟ್ಟಿಗೆ ಕಿರುಚಿ ಬೆಂಚು ಬಡಿಯುವುದನ್ನೇ ನಾವು ಸಂಗೀತವೆಂದು ತಿಳಿದಿರುವುದುಂಟು. ಈ ಮಕ್ಕಳಲ್ಲಿ ಹಲವರಿಗೆ ಅಂಥ ಸದ್ದು ಹಿಂಸೆ. ಉಪಾಧ್ಯಾಯರ ಒಂದು ಮೆಲುದನಿ, ದಿನವೂ ಅದೇ ಹೊತ್ತು, ಅದೇ ಧಾಟಿ, ಇಷ್ಟು ಸಾಕು. ಅದಕ್ಕೂ ಮಗು ಕಿವಿ ಮುಚ್ಚಿಕೊಂಡರೆ ಆ ದಿನ ಹಾಡೇ ಬೇಡ. ಚಿತ್ರದ ಪುಸ್ತಕವನ್ನು ಎದುರಿಗೆ ತೆರೆದಿಟ್ಟು ಸುಮ್ಮನೆ ಪಕ್ಕದಲ್ಲಿ ಕುಳಿತಿರಿ.