ನೆನೆದ ಕ್ಯಾಮೆರಾವನ್ನು ಅಕ್ಕಿ ಡಬ್ಬಿಯಲ್ಲಿಟ್ಟರೆ ಸರಿಹೋಗುತ್ತದೆಯೇ?

ಮಳೆಗಾಲ ಬಂತೆಂದರೆ ವಾಟ್ಸಾಪ್‌ನಲ್ಲಿ ಈ ಸಲಹೆ ತಪ್ಪದೇ ಬರುತ್ತದೆ: ಮೊಬೈಲ್, ಕ್ಯಾಮೆರಾ ನೆನೆದರೆ ಅಕ್ಕಿಯಲ್ಲಿ ಹೂತಿಡಿ, ನೀರನ್ನೆಲ್ಲ ಹೀರಿಬಿಡುತ್ತದೆ. ಆಗುಂಬೆಯ ಮಳೆಯಲ್ಲಿ ಫೋಟೋ ತೆಗೆದು ಬಂದ ರಾತ್ರಿ ನಾನೂ ಹಾಗೇ ಮಾಡಿದ್ದೆ. ಬೆಳಗ್ಗೆ ನೋಡಿದರೆ ಲೆನ್ಸ್ ಸಂದಿಯಲ್ಲಿ ಅಕ್ಕಿಯ ಹುಡಿ, ಗಾಜಿನ ಒಳಗೆ ಮಂಜು ಹಾಗೇ ಇತ್ತು.

ಅನ್ನಕ್ಕೆ ನೆನೆಹಾಕಿದ ಅಕ್ಕಿ ನೀರು ಕುಡಿಯುವುದು ನೀರಿನಲ್ಲೇ ಮುಳುಗಿರುವುದರಿಂದ. ಡಬ್ಬಿಯ ಅಕ್ಕಿ ಕ್ಯಾಮೆರಾದ ಒಳಗಿನ ನೀರನ್ನು ಮುಟ್ಟುವುದೇ ಇಲ್ಲ. ಸುತ್ತಲಿನ ಗಾಳಿಯ ತೇವವನ್ನು ಅಷ್ಟಿಷ್ಟು ಹೀರುತ್ತದೆ, ಅದೂ ನಿಧಾನವಾಗಿ. ಅಷ್ಟರಲ್ಲಿ ಒಳಗಿನ ಸರ್ಕ್ಯೂಟ್‌ಗೆ ತುಕ್ಕು ಹತ್ತತೊಡಗಿರುತ್ತದೆ. ಅಕ್ಕಿಯ ಸಣ್ಣ ಕಣಗಳಿಂದ ಐಫೋನ್ ಹಾಳಾಗಬಹುದು ಎಂದು 2024ರಲ್ಲಿ ಆ್ಯಪಲ್ ಕಂಪನಿಯೇ ಎಚ್ಚರಿಸಿತ್ತು.

ಹಾಗಾದರೆ ಏನು ಮಾಡಬೇಕು? ಕೂಡಲೇ ಆಫ್ ಮಾಡಿ ಬ್ಯಾಟರಿ, ಮೆಮೊರಿ ಕಾರ್ಡ್ ತೆಗೆಯಿರಿ. ‘ಆನ್ ಆಗುತ್ತಾ ನೋಡೋಣ’ ಎಂಬ ಆತುರ ಬೇಡ, ಒಳಗೆ ನೀರಿದ್ದಾಗ ಕರೆಂಟ್ ಹರಿದರೆ ಶಾರ್ಟ್ ಆಗಬಹುದು. ಒಣ ಬಟ್ಟೆಯಿಂದ ಒರೆಸಿ, ಒಂದೆರಡು ದಿನ ಫ್ಯಾನ್ ಗಾಳಿಗಿಡಿ. ಹೇರ್ ಡ್ರೈಯರ್‌ನ ಬಿಸಿಗಾಳಿ ಬೇಡವೇ ಬೇಡ. ಸಮುದ್ರದ ನೀರು ಬಿದ್ದಿದ್ದರೆ ಕಾಯದೆ ರಿಪೇರಿಯವರ ಬಳಿ ಒಯ್ಯಿರಿ, ಉಪ್ಪು ಬೇಗ ತಿನ್ನುತ್ತದೆ.

ಹೊಸ ಚಪ್ಪಲಿ ಡಬ್ಬಿಯಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣ ಎಸೆಯಬೇಡಿ. ಕ್ಯಾಮೆರಾ ಪೂರ್ತಿ ಒಣಗಿದ ಮೇಲೆ ಬಿಗಿಮುಚ್ಚಳದ ಡಬ್ಬಿಯಲ್ಲಿ ನಾಲ್ಕಾರು ಪೊಟ್ಟಣ ಜೊತೆಗಿಟ್ಟರೆ, ಮಲೆನಾಡಿನ ಮಳೆಗಾಲದಲ್ಲೂ ಲೆನ್ಸ್‌ಗೆ ಬೂಷ್ಟು ಹಿಡಿಯುವುದು ಕಡಿಮೆ.