ಹಿಂದಿನ ಪೀಠದ ಮೂವರು

ಗೃಹಸ್ಥನು ಮೋಟಾರು ಗಾಡಿಯನ್ನು ಕೊಳ್ಳಹೊರಟಾಗ ಮಾರುವವರು ಅವನನ್ನು ಮೊದಲು ಕೂರಿಸುವುದು ಚಾಲಕನ ಪೀಠದಲ್ಲಿ. ಚುಕ್ಕಾಣಿಗೆ ಕೈ ತಗುಲಿದೊಡನೆಯೇ ಅವನ ವಿವೇಚನೆಯಲ್ಲಿ ಅರ್ಧದಷ್ಟು ಕರಗಿಹೋಗುವುದೆಂಬುದನ್ನು ಅವರು ಚೆನ್ನಾಗಿ ಬಲ್ಲರು. ಆದರೆ ಗಾಡಿಯಲ್ಲಿ ಪಯಣಿಸುವ ಐವರಲ್ಲಿ ಮೂವರು ಕುಳಿತುಕೊಳ್ಳುವುದು ಹಿಂದೆ. ಹೊಸ ರೂಪು ತಳೆದ ಹ್ಯುಂಡೈ ವೆರ್ನಾವನ್ನು ಆ ಮೂವರ ಕಣ್ಣಿನಿಂದಲೇ ನೋಡುವುದು ನ್ಯಾಯ.

ಭಾರತಕ್ಕೆ ವೆರ್ನಾ ಬಂದುದು 2006ರಲ್ಲಿ. ಇಲ್ಲಿ ಹೇಳುತ್ತಿರುವ ರೂಪ ಮಾರುಕಟ್ಟೆಗೆ ಇಳಿದುದು 2023ರ ಮಾರ್ಚ್ 21ರಂದು. ಆಗಿನ ಆರಂಭದ ಬೆಲೆ 10 ಲಕ್ಷ 90 ಸಾವಿರ ರೂಪಾಯಿ, ನೋಂದಣಿ ವಿಮೆಗಳ ಖರ್ಚು ಬೇರೆ. ಮೂತಿಯ ಈ ಕೊನೆಯಿಂದ ಆ ಕೊನೆಯವರೆಗೆ ಒಂದೇ ದೀಪದ ಗೆರೆ ಹರಿದಿದೆ. ಹುಬ್ಬುಗಳೆರಡೂ ಕೂಡಿಕೊಂಡ ಮುಖದಂತೆ ಅದು ಕೆಲವರಿಗೆ ಸೊಗಸು, ಕೆಲವರಿಗೆ ವಿಚಿತ್ರ. ಅದು ಅವರವರ ರುಚಿ.

ಬಾಗಿಲು ತೆರೆದು ಒಳಗೆ ಬಂದರೆ ಲಾಭ ಕಾಣುತ್ತದೆ. ಮುಂದಿನ ಹಾಗೂ ಹಿಂದಿನ ಚಕ್ರಗಳ ನಡುವಣ ಅಂತರ ಮೊದಲು 2,600 ಮಿಲಿಮೀಟರ್ ಇದ್ದುದು 2,670ಕ್ಕೆ ಏರಿದೆ. ಮೊಣಕಾಲಿಗೆ ಈಗ ಧಾರಾಳವಾದ ಎಡೆ. ಆದರೆ ಹಿಂದಕ್ಕೆ ಇಳಿಜಾರಾದ ಚಾವಣಿ ಎತ್ತರದವರ ತಲೆಗೆ ಅಷ್ಟು ಉದಾರವಾಗಿಲ್ಲ. ಸೊಂಟನೋವಿನ ಅಜ್ಜಿಯು ತಲೆ ತಗ್ಗಿಸಿ, ಮೈ ಬಗ್ಗಿಸಿ ಕೆಳಗಿಳಿದಂತೆಯೇ ಕೂರಬೇಕು. ಎತ್ತರದ ಗಾಡಿಗಳತ್ತ ಸಂಸಾರಗಳು ವಾಲಿದ್ದಕ್ಕೆ ಈ ಕಷ್ಟವೂ ಒಂದು ಕಾರಣವಾಗಿರಲು ಸಾಕು. ಹಿಂಬದಿಯ ಪೆಟ್ಟಿಗೆಯಂತೂ 528 ಲೀಟರಿನದು. ಮದುವೆಗೆ ಹೊರಟವರ ಗಂಟುಮೂಟೆಗಳಿಗೆ ಸಾಲದೆಂಬ ಮಾತಿಲ್ಲ.

ಡೀಸೆಲ್ ಯಂತ್ರವನ್ನು ಕೈಬಿಟ್ಟು, 115 ಅಶ್ವಶಕ್ತಿಯದೊಂದು, ಟರ್ಬೊ ಕೂಡಿಸಿದ 160 ಅಶ್ವಶಕ್ತಿಯದೊಂದು, ಹೀಗೆ ಎರಡು ಪೆಟ್ರೋಲ್ ಯಂತ್ರಗಳನ್ನು ಕೊಟ್ಟಿದ್ದಾರೆ. ಊರೊಳಗಿನ ಓಡಾಟಕ್ಕೆ ಮೊದಲನೆಯದೇ ಸಾಕು. ಹಾಡಿನ ಗುಂಡಿಗಳನ್ನೂ ತಂಪುಗಾಳಿಯ ಗುಂಡಿಗಳನ್ನೂ ಒಂದೇ ಫಲಕಕ್ಕೆ ವಹಿಸಿ, ಸರದಿಯಂತೆ ಬದಲಾಯಿಸಿಕೊಳ್ಳಿರೆಂದಿರುವುದು ಮಾತ್ರ ಜಾಣತನ ಮಿತಿಮೀರಿದ ಏರ್ಪಾಡು. ಗಾಳಿಯನ್ನು ಹೆಚ್ಚಿಸಹೋಗಿ ಹಾಡಿನ ಸದ್ದು ಹೆಚ್ಚಿಸುವಷ್ಟರಲ್ಲಿ ಚಾಲಕನ ಕಣ್ಣು ರಸ್ತೆಯನ್ನು ಬಿಟ್ಟಿರುತ್ತದೆ.

ಇವೆಲ್ಲಕ್ಕಿಂತ ಮುಖ್ಯವಾದ ಬದಲಾವಣೆ ಜಾಹೀರಾತಿನಲ್ಲಿ ಹೊಳೆಯುವಂಥದಲ್ಲ. ಅಗ್ಗದ ಮಾದರಿಯಿಂದ ಹಿಡಿದು ಎಲ್ಲದರಲ್ಲಿಯೂ ಆರು ಗಾಳಿಚೀಲಗಳಿವೆ. ಐವರಿಗೂ, ಎಂದರೆ ಹಿಂದೆ ನಡುವೆ ಕೂರುವವರಿಗೂ, ಭುಜದಿಂದ ಸೊಂಟಕ್ಕೆ ಹಾಯುವ ಮೂರು ಬಿಂದುಗಳ ಪಟ್ಟಿಯಿದೆ. ಆ ನಡುವಣ ಸ್ಥಾನ ಸಾಮಾನ್ಯವಾಗಿ ಮಗುವಿಗೋ ಮುದುಕಿಗೋ ಸಲ್ಲುವಂಥದು. ಸೊಂಟಕ್ಕೆ ಮಾತ್ರ ಬಿಗಿಯುವ ಹಳೆಯ ಪಟ್ಟಿಯಾದರೆ, ಡಿಕ್ಕಿಯಾದಾಗ ದೇಹವು ಮುಂದಕ್ಕೆ ಮಡಿಚಿಕೊಂಡು ಹೊಟ್ಟೆಗೆ ಪೆಟ್ಟಾಗುತ್ತದೆ. ಪಟ್ಟಿಯೇ ಇಲ್ಲದವನು ಮುಂದಿನ ಪೀಠಕ್ಕೆ ಅಪ್ಪಳಿಸಿ, ತನ್ನ ಜೊತೆಗೆ ಮುಂದಿನವನನ್ನೂ ಗಾಯಗೊಳಿಸುತ್ತಾನೆ. 2022ರ ಸೆಪ್ಟೆಂಬರ್ 4ರಂದು ಪಾಲ್ಘರ್ ಬಳಿ ಉದ್ಯಮಿ ಸೈರಸ್ ಮಿಸ್ತ್ರಿಯವರು ಹಾಗೂ ಅವರೊಡನೆ ಹಿಂದೆ ಕುಳಿತಿದ್ದ ಇನ್ನೊಬ್ಬರು ಮೃತರಾದರು. ಮುಂದಿದ್ದ ಇಬ್ಬರು ಬದುಕಿದರು. ಹಿಂದಿನವರು ಪಟ್ಟಿ ಧರಿಸಿರಲಿಲ್ಲವೆಂದು ಪೊಲೀಸರು ಹೇಳಿದರು. ಆ ಗಾಡಿಯ ಬೆಲೆ ವೆರ್ನಾದ ಬೆಲೆಯ ಎಷ್ಟೋ ಪಟ್ಟು.

2023ರ ಅಕ್ಟೋಬರಿನಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ವೆರ್ನಾಗೆ ದೊಡ್ಡವರ ರಕ್ಷಣೆಯಲ್ಲಿಯೂ ಮಕ್ಕಳ ರಕ್ಷಣೆಯಲ್ಲಿಯೂ ಐದೈದು ನಕ್ಷತ್ರಗಳು ದೊರೆತವು. ಸಂತೋಷವೇ. ಆದರೆ ಅದೇ ವರದಿಯು ಗಾಡಿಯ ಹೊರಕವಚ ಅಸ್ಥಿರವೆಂದೂ, ಇನ್ನೂ ಹೆಚ್ಚಿನ ಹೊಡೆತವನ್ನು ತಾಳದೆಂದೂ ಹೇಳಿತು. ನಕ್ಷತ್ರ ಎಣಿಸಿದವರು ಈ ವಾಕ್ಯವನ್ನೂ ಓದಬೇಕು. ಮಕ್ಕಳ ಅಂಕಗಳು ಬಂದುದು ಮಕ್ಕಳಿಗೆಂದೇ ಮಾಡಿದ ಆಸನಗಳಲ್ಲಿ ಬೊಂಬೆಗಳನ್ನು ಬಿಗಿದಾಗ. ತಾಯಿಯ ಮಡಿಲಿನ ಕೂಸಿಗೆ ಅವು ಅನ್ವಯಿಸವು.

ಈ ಗಾಡಿ ಬಿಡುಗಡೆಯಾಗುವ ಒಂಬತ್ತು ದಿನಗಳ ಮುಂಚೆ, 118 ಕಿಲೋಮೀಟರಿನ ಬೆಂಗಳೂರು-ಮೈಸೂರು ಹೆದ್ದಾರಿ ಉದ್ಘಾಟನೆಯಾಗಿತ್ತು. ಅಂಥ ರಸ್ತೆಯಲ್ಲಿ 160 ಅಶ್ವಶಕ್ತಿ ಮನೆಯ ಯಜಮಾನನ ಬಲಗಾಲಿಗೆ ಏನು ಪಿಸುಗುಟ್ಟುವುದೋ ಹೇಳಬೇಕಾಗಿಲ್ಲ. ಪರೀಕ್ಷೆಗೆಂದು ಗಾಡಿಯನ್ನು ಓಡಿಸುವ ದಿನ ಅಜ್ಜಿಯನ್ನೂ ಮಕ್ಕಳನ್ನೂ ಜೊತೆಗೆ ಕರೆದೊಯ್ಯುವುದು ಲೇಸು. ಮೂವರೂ ಹಿಂದೆ ಕುಳಿತು, ನಡುವಣ ಪಟ್ಟಿಯ ಕೊಂಡಿಯನ್ನು ಇತರರ ನೆರವಿಲ್ಲದೆ ಸಿಕ್ಕಿಸಿಕೊಳ್ಳಬಲ್ಲರೇ ಎಂಬುದು ಮೊದಲು ತಿಳಿಯಲಿ. ಬಣ್ಣದ ಮಾತು ಆಮೇಲೆ.