ದೇಶ ಸುತ್ತುವವರಿಗೆ ಒಂದು ಮಾತು

'ದೇಶ ಸುತ್ತು, ಕೋಶ ಓದು' ಎಂಬುದು ನಮ್ಮ ಹಿರಿಯರ ಮಾತು. ಕೋಶ ಓದುವ ಕೆಲಸ ಶಾಲೆಯಲ್ಲಿ ಹೇಗೋ ನಡೆಯುತ್ತದೆ. ದೇಶ ಸುತ್ತುವ ಕೆಲಸ ಮಾತ್ರ ವರ್ಷಕ್ಕೊಮ್ಮೆ ಬಸ್ಸಿಗೆ ಬ್ಯಾನರು ಕಟ್ಟಿ, ಮೂರು ದಿನಗಳಲ್ಲಿ ಹತ್ತು ಊರು ಮುಟ್ಟಿ ಬರುವುದರಲ್ಲಿ ಮುಗಿಯುತ್ತದೆ. ಹಿಂದಿರುಗಿದ ಮಕ್ಕಳನ್ನು 'ಏನು ನೋಡಿದಿರಿ?' ಎಂದು ಕೇಳಿದರೆ ಸ್ಥಳಗಳ ಹೆಸರನ್ನು ಕಂಠಪಾಠದಂತೆ ಒಪ್ಪಿಸುತ್ತಾರೆ. 'ಯಾರನ್ನು ಕಂಡಿರಿ, ಯಾರೊಡನೆ ಮಾತಾಡಿದಿರಿ?' ಎಂದರೆ ಉತ್ತರವಿಲ್ಲ. ತಪ್ಪು ಮಕ್ಕಳದ್ದಲ್ಲ, ಕರೆದುಕೊಂಡು ಹೋದ ನಾವು ಅಧ್ಯಾಪಕರದ್ದು.

1915ರಲ್ಲಿ ದಕ್ಷಿಣ ಆಫ್ರಿಕದಿಂದ ಮರಳಿದ ಗಾಂಧೀಜಿಯವರಿಗೆ ಗೋಪಾಲಕೃಷ್ಣ ಗೋಖಲೆಯವರು ಒಂದು ಸಲಹೆ ಕೊಟ್ಟರು: ಒಂದು ವರ್ಷ ದೇಶವನ್ನು ನೋಡಬೇಕು, ಅಲ್ಲಿಯತನಕ ರಾಜಕೀಯದ ಬಗ್ಗೆ ಭಾಷಣ ಮಾಡಬಾರದು. ಗಾಂಧೀಜಿ ಹಾಗೆಯೇ ನಡೆದುಕೊಂಡರು. ರೈಲಿನ ಮೂರನೇ ದರ್ಜೆಯಲ್ಲಿ ಜನರ ನಡುವೆ ಕುಳಿತು ದೇಶ ಸುತ್ತಿದರು. ಮೊದಲು ಕಣ್ಣು ಕಿವಿ, ಆಮೇಲೆ ಬಾಯಿ ಎಂಬ ಈ ಕ್ರಮ ಇಂದಿನ ಪ್ರವಾಸಿಗಳಿಗೂ ಒಳ್ಳೆಯ ಪಾಠ.

ಆದುದರಿಂದ ಶಾಲೆಯ ಪ್ರವಾಸ ರೈಲಿನಲ್ಲಿ, ಸಾಮಾನ್ಯ ಜನರ ಜತೆಯಲ್ಲಿ ನಡೆಯಬೇಕು ಎಂಬುದು ನಮ್ಮ ಅಭಿಪ್ರಾಯ. ಮೂರು ವರ್ಷಗಳ ಹಿಂದೆ ನಾವು ಹಾಗೊಮ್ಮೆ ಹೋದೆವು. ಕಾಸರಗೋಡಿನಲ್ಲಿ ಮಂಗಳಾ ಎಕ್ಸ್‌ಪ್ರೆಸ್ ಹತ್ತಿ ಎರಡು ರಾತ್ರಿ ಕಳೆದರೆ ದೆಹಲಿ. 1998ರಲ್ಲಿ ಕೊಂಕಣ ರೈಲುಮಾರ್ಗ ಪೂರ್ಣವಾಗಿ ತೆರೆದ ಮೇಲೆ ನಮಗೆ ದೊರೆತ ದಾರಿಯಿದು. ಕೇರಳವೂ ಸೇರಿ ಎಂಟು ರಾಜ್ಯಗಳ ನೆಲವನ್ನು ಈ ಗಾಡಿ ತುಳಿಯುತ್ತದೆ. ಬೆಳಗ್ಗೆ ರತ್ನಾಗಿರಿಯ ಕಡೆ ಕಣ್ಣು ತೆರೆದ ಮಕ್ಕಳು 'ಇದು ನಮ್ಮ ಊರೇ!' ಎಂದರು. ಅದೇ ಮುರಕಲ್ಲು, ಅದೇ ಗೇರು, ಅದೇ ಹಲಸು, ಮಾತು ಮಾತ್ರ ಮರಾಠಿ. ಕಲ್ಯಾಣ ದಾಟಿ ಗಾಡಿ ಕಸಾರಾ ಘಾಟಿ ಏರಿದ ಮೇಲೆ ತೆಂಗು ಮರೆಯಾಯಿತು. ನಾಸಿಕದ ದ್ರಾಕ್ಷಿ, ಭೂಸಾವಳದ ಬಾಳೆ, ಕಪ್ಪು ಮಣ್ಣು. ನರ್ಮದೆಯನ್ನು ದಾಟುವಾಗ ರಾತ್ರಿ, ಎಚ್ಚರವಿದ್ದವರು ನಾಲ್ವರೇ. ಮರುದಿನ ಗ್ವಾಲಿಯರ್ ಕಳೆದು ಚಂಬಲ್ ದಾಟಿದಾಗ ರಾಜಸ್ಥಾನದ ಧೋಲ್‌ಪುರ. ಸ್ವಲ್ಪ ಹೊತ್ತಿನಲ್ಲೇ ಅದೂ ಮುಗಿದು ಉತ್ತರಪ್ರದೇಶದ ಆಗ್ರಾ. ಭೂಪಟದಲ್ಲಿ ಬಣ್ಣ ಬೇರೆ ಬೇರೆ, ನೆಲದ ಮೇಲೆ ಗೆರೆ ಎಲ್ಲಿಯೂ ಕಾಣಲಿಲ್ಲ.

ಆದರೆ ಆ ಪ್ರಯಾಣದಲ್ಲಿ ನಾವು ಕಲಿತ ದೊಡ್ಡ ಪಾಠ ಬೇರೆ. ಭೂಸಾವಳ ನಿಲ್ದಾಣದಲ್ಲಿ ಚಹಾ ಮಾರುವ ಹಿರಿಯರೊಬ್ಬರ ಮಾತಿನ ಧಾಟಿಯನ್ನು ನಮ್ಮ ಇಬ್ಬರು ಹುಡುಗರು ಅಣಕಿಸಿದರು. ಮಕ್ಕಳೆಲ್ಲ ನಕ್ಕರು. ನಾವೂ ಸಣ್ಣಗೆ ನಕ್ಕೆವು ಎಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು. ಆ ಹಿರಿಯರು ಏನೂ ಹೇಳದೆ ಚಿಲ್ಲರೆ ಎಣಿಸಿ ಕೊಟ್ಟು ಮುಂದೆ ಹೋದರು. ರಾತ್ರಿ ಮಲಗುವ ಹೊತ್ತಿಗೆ ಆ ಇಬ್ಬರಲ್ಲಿ ಒಬ್ಬನು ನಮ್ಮ ಬಳಿಗೆ ಬಂದು, 'ಅಪ್ಪ ಕನ್ನಡದಲ್ಲಿ ಬರೆದ ಅರ್ಜಿಯನ್ನು ಒಂದು ಕಚೇರಿಯಲ್ಲಿ ಹಿಂದೆ ಕೊಟ್ಟಿದ್ದರು ಸರ್. ಆಗ ಅಲ್ಲಿದ್ದವರೂ ಹೀಗೆಯೇ ನಕ್ಕಿದ್ದರು' ಎಂದನು. ನಮಗೆ ಬಹಳ ಹೊತ್ತು ನಿದ್ದೆ ಬರಲಿಲ್ಲ.

1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾಗಿ ಕಾಸರಗೋಡು ಕೇರಳಕ್ಕೆ ಸೇರಿತು. ಅಂದಿನಿಂದ ನಾವು ಕೇಳುತ್ತ ಬಂದಿರುವುದು ಒಂದನ್ನೇ: ನಮ್ಮ ಮಾತಿಗೆ ಮರ್ಯಾದೆ. ಕನ್ನಡ ಬಲ್ಲ ಅಧ್ಯಾಪಕರು ಬೇಕು, ಕನ್ನಡದ ಅರ್ಜಿಗೆ ಬೆಲೆ ಬೇಕು ಎನ್ನುತ್ತೇವೆ. ಇದು ನ್ಯಾಯವಾದ ಬೇಡಿಕೆ. ಆದರೆ ಮರ್ಯಾದೆ ಕೇಳುವವನು ಪರಊರಿನಲ್ಲಿ ಮರ್ಯಾದೆ ಕೊಡಲು ಕಲಿತಿರಬೇಕಲ್ಲವೇ? ಕಲಿಯುವುದು ನಮಗೆ ಕಷ್ಟವೂ ಅಲ್ಲ. ನಮ್ಮದು ಸಪ್ತಭಾಷೆಗಳ ನಾಡು. ಮನೆಯಲ್ಲಿ ತುಳು, ಬಸ್ಸಿನಲ್ಲಿ ಮಲಯಾಳ, ತರಗತಿಯಲ್ಲಿ ಕನ್ನಡ, ಆಟದ ಬಯಲಿನಲ್ಲಿ ಬ್ಯಾರಿ ಅಥವಾ ಕೊಂಕಣಿ ಆಡುವ ಮಕ್ಕಳು ನಮ್ಮವರು. ಹಲವು ಭಾಷೆಗಳನ್ನು ಬಲ್ಲ ಗೋವಿಂದ ಪೈಗಳು ಬಾಳಿದ್ದು ಮಂಜೇಶ್ವರದಲ್ಲಿ. ಇಂಥ ಮಣ್ಣಿನಲ್ಲಿ ಬೆಳೆದವರು ಇನ್ನೊಬ್ಬರ ಮಾತನ್ನು ಕೇಳಿ ನಗುವುದು ನಮಗೆ ಶೋಭಿಸುವುದಿಲ್ಲ.

ಆದುದರಿಂದ ನಮ್ಮದು ಮೂರು ಸೂಚನೆ. ಸ್ಥಳಗಳು ಕಡಿಮೆಯಾಗಲಿ, ಒಂದೊಂದರಲ್ಲಿ ನಿಲ್ಲುವ ಹೊತ್ತು ಹೆಚ್ಚಾಗಲಿ. ಹೊರಡುವ ಮೊದಲು ಹೋಗುವ ಊರಿನ ಭಾಷೆಯ ಹತ್ತು ಮಾತುಗಳನ್ನಾದರೂ ಪ್ರತಿಯೊಬ್ಬರೂ ಕಲಿಯಲಿ. ನಮಸ್ಕಾರ, ನೀರು, ಎಷ್ಟು, ಉಪಕಾರವಾಯಿತು, ಇಷ್ಟಿದ್ದರೂ ಸಾಕು. ಹಿಂದಿರುಗಿದ ಮೇಲೆ ಪ್ರಬಂಧವನ್ನು ಸ್ಥಳದ ಬಗ್ಗೆ ಬರೆಯದೆ, ದಾರಿಯಲ್ಲಿ ಕಂಡ ಒಬ್ಬ ವ್ಯಕ್ತಿಯ ಬಗ್ಗೆ ಬರೆಯಲಿ.

ಹೆತ್ತವರಲ್ಲಿಯೂ ಒಂದು ವಿನಂತಿ. ಆ ಪ್ರಯಾಣದಲ್ಲಿ ಹುಡುಗಿಯರು ಐವರೇ ಇದ್ದರು. 'ಅಷ್ಟು ದೂರ ಬೇಡ' ಎಂಬ ಒಂದು ಮಾತಿಗೆ ಉಳಿದವರು ಮನೆಯಲ್ಲಿ ಉಳಿದರು. ನಿಮ್ಮ ಭಯ ನಮಗೆ ಅರ್ಥವಾಗುತ್ತದೆ. ಜತೆಗೆ ಅಧ್ಯಾಪಿಕೆಯರೂ ಬರುತ್ತಾರೆ, ಬೇಕಿದ್ದರೆ ತಾಯಂದಿರೂ ಬರಲಿ. ಹಣದ ಚಿಂತೆಯಿದ್ದರೆ, ಶೈಕ್ಷಣಿಕ ಪ್ರವಾಸಕ್ಕೆ ಹೋಗುವ ವಿದ್ಯಾರ್ಥಿಗಳಿಗೆ ರೈಲಿನಲ್ಲಿ ರಿಯಾಯಿತಿ ಉಂಟು. ಮಿಕ್ಕಿದ್ದಕ್ಕೆ ಜೂನ್ ತಿಂಗಳಿಂದಲೇ ಸ್ವಲ್ಪ ಸ್ವಲ್ಪ ಕೂಡಿಡೋಣ. ಕೈಯಲ್ಲಿ ದುಡ್ಡಿಲ್ಲವೆಂದು ಒಂದು ಮಗುವೂ ಹಿಂದೆ ಉಳಿಯಬಾರದು.

ಕೊನೆಯದಾಗಿ ವಿದ್ಯಾರ್ಥಿ ಮಿತ್ರರೇ, ಪ್ರವಾಸ ಹೋಗಲು ಸಾಧ್ಯವಾಗದಿದ್ದರೂ ನಿರಾಶರಾಗಬೇಡಿ. ನಾವು ದೇಶ ಸುತ್ತದಿದ್ದರೂ ದೇಶ ನಮ್ಮ ಅಂಗಳಕ್ಕೆ ಬಂದಿದೆ. ಬಂಗಾಳ, ಅಸ್ಸಾಂ, ಒಡಿಶಾ, ಬಿಹಾರಗಳ ಯುವಕರು ನಮ್ಮ ಊರುಗಳಲ್ಲಿ ಕಲ್ಲು ಹೊತ್ತು, ಗೋಡೆ ಕಟ್ಟಿ ದುಡಿಯುತ್ತಿದ್ದಾರೆ. ದಿನಗಟ್ಟಲೆ ರೈಲಿನಲ್ಲಿ ಕುಳಿತು ಬಂದವರು ಅವರು. ಇಂದು ಸಂಜೆ ಅಂಗಡಿಯಲ್ಲಿ ಅವರಲ್ಲೊಬ್ಬರು ನಿಮ್ಮ ಪಕ್ಕದಲ್ಲಿ ನಿಂತರೆ, 'ನಿಮ್ಮ ಊರು ಯಾವುದು?' ಎಂದು ಕೇಳಿರಿ. ಹೆಸರನ್ನು ಸರಿಯಾಗಿ ಉಚ್ಚರಿಸಲು ಕಲಿಯಿರಿ. ದೇಶ ಸುತ್ತುವ ಪಾಠ ಅಲ್ಲಿಂದಲೇ ಆರಂಭವಾಗಲಿ.